ಗಂಗಾವತಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಬಿಚ್ಚಿ ಜೋಡಿಸುವ ಕಾಲುಸೇತುವೆ: ಏಳು ತಿಂಗಳು ಬಳಸಿದ ಮೇಲೆ

ಗಂಗಾವತಿಯ ರಾಯಚೂರು ರಸ್ತೆಯಲ್ಲಿ, ಅಕ್ಕಿ ಗಿರಣಿಗಳ ಸಾಲು ಮುಗಿಯುವ ಕಡೆ, ಒಂದು ವೆಲ್ಡಿಂಗ್ ಅಂಗಡಿ ಇದೆ. ಟ್ರ್ಯಾಕ್ಟರ್ ಟ್ರೇಲರ್, ಗದ್ದೆ ಕೆಸರು ಮಾಡುವ ಕೇಜ್ ವೀಲ್, ಮನೆ ಗೇಟು ಇವೇ ಅಲ್ಲಿನ ದಿನದ ಕೆಲಸ. ಅಲ್ಲಿ ನಾನು 2025ರ ಜೂನ್‌ನಲ್ಲಿ 30 ಅಡಿ ಉದ್ದ, ಮೂರೂವರೆ ಅಡಿ ಅಗಲದ ಕಬ್ಬಿಣದ ಕಾಲುಸೇತುವೆ ಮಾಡಿಸಿದೆ. ಒಟ್ಟು ತೂಕ 868 ಕೆಜಿ. ಮಾಲು, ಕೂಲಿ, ಬಣ್ಣ ಎಲ್ಲ ಸೇರಿ ಕೆಜಿಗೆ 110 ರೂಪಾಯಿ. ಬಿಲ್ಲು 95,480 ರೂಪಾಯಿ ಆಯಿತು. ಹಳ್ಳದ ಆಚೆ ಹೊಲ ಇರುವವರು ನಮ್ಮ ಕಡೆ ಬಹಳ ಮಂದಿ. ಹೋದ ಬೆಳೆಯಲ್ಲಿ ಹತ್ತಾರು ಜನ ಬಂದು ನೋಡಿ, ಎಷ್ಟಾಯಿತು, ಹೇಗಿದೆ ಅಂತ ಕೇಳಿದ್ದಾರೆ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಎರಡೂವರೆ ಎಕರೆ ಗದ್ದೆ ಕಾರಟಗಿ ಕಡೆ ಹೋಗುವ ದಾರಿಯಲ್ಲಿ ಹಳ್ಳದ ಆಚೆಗಿದೆ. ದಂಡೆಯಿಂದ ದಂಡೆಗೆ 24 ಅಡಿ. ನಮ್ಮ ತಂದೆಯ ಕಾಲದಿಂದ ಅಡ್ಡಲಾಗಿ ಎರಡು ಹಳೆ ಸಿಮೆಂಟಿನ ಕರೆಂಟ್ ಕಂಬ ಹಾಕಿದ್ದೆವು. ಅದರ ಮೇಲೆಯೇ ಗೊಬ್ಬರದ ಚೀಲ, ಅದರ ಮೇಲೆಯೇ ನಾಟಿ ಹೆಣ್ಣುಮಕ್ಕಳು, ಅದರ ಮೇಲೆಯೇ ಸುಗ್ಗಿಯ ಬತ್ತ. 2024ರ ಆಗಸ್ಟ್ ಮೊದಲ ವಾರ ಸಸಿ ಕಟ್ಟು ಹೊತ್ತು ದಾಟುತ್ತಿದ್ದ ಒಬ್ಬ ಹೆಣ್ಣುಮಗಳು ಪಾಚಿಗೆ ಕಾಲು ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆಸ್ಪತ್ರೆ ಖರ್ಚು ಕೊಟ್ಟೆ, ಎರಡು ತಿಂಗಳ ಕೂಲಿ ಕೊಟ್ಟೆ. ಆದರೆ ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿ ಸೇತುವೆ ಕಟ್ಟುವುದನ್ನೇ ಕಸುಬು ಮಾಡಿಕೊಂಡವನ ಹೊಲಕ್ಕೆ ಹೋಗುವ ದಾರಿಯಲ್ಲಿ ಅವಳು ಬಿದ್ದಳಲ್ಲ, ಅದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ನಾನು ಬೆಂಗಳೂರಿನ ಹಲಸೂರು ಕೆರೆ ದಂಡೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದವನು. 1780ರಿಂದ ಇರುವ ಪಡೆ ಅದು. ಸೈನ್ಯದಲ್ಲಿ ನಮ್ಮನ್ನು ತಂಬಿಗಳು ಅನ್ನುತ್ತಾರೆ. ಆ ಹೆಣ್ಣುಮಗಳು ಬೀಳುವುದಕ್ಕೆ ಕೆಲವೇ ದಿನ ಮೊದಲು ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈಗೆ ಹೋಗುವ ಸೇತುವೆ ಕೊಚ್ಚಿಹೋಗಿತ್ತು. ನಮ್ಮ ತಂಬಿಗಳು ಹೋಗಿ ಚೂರಲ್‌ಮಲದಲ್ಲಿ 190 ಅಡಿಯ ಬೈಲಿ ಸೇತುವೆಯನ್ನು, ಅಂದರೆ ತುಂಡುಗಳಾಗಿ ತಂದು ಪಿನ್ನು ಹಾಕಿ ಜೋಡಿಸುವ ಕಬ್ಬಿಣದ ಸೇತುವೆಯನ್ನು, ಎರಡು ದಿನ ತುಂಬುವ ಮೊದಲೇ ಕಟ್ಟಿ ನಿಲ್ಲಿಸಿದರು. 24 ಟನ್ ಹೊರುವ ಸೇತುವೆ. ಮೇಜರ್ ಸೀತಾ ಶೆಳ್ಕೆಯವರು ಅದರ ಮೇಲೆ ನಿಂತ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತು. ಅದೇ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಿತ್ತು ಹೋಯಿತು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರಂಥ ಹಿರಿಯರು ಹರಿಯುವ ನೀರಿನಲ್ಲೇ ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸಿದ್ದನ್ನು ಇಡೀ ಜಿಲ್ಲೆ ಉಸಿರು ಬಿಗಿಹಿಡಿದು ನೋಡಿತು. ದೊಡ್ಡದನ್ನು ಒಂದೇ ಸಲ ಎತ್ತಿಡಲು ಆಗದ ಕಡೆ ತುಂಡು ಮಾಡಿ ತಂದು ಜೋಡಿಸಬೇಕು. ವಯನಾಡಿನಲ್ಲಿ ಆದದ್ದೂ ಡ್ಯಾಮಿನಲ್ಲಿ ಆದದ್ದೂ ಅದೇ. ನನ್ನ ಹಳ್ಳಕ್ಕೂ ಅದೇ ಆಗಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಅಂಗಡಿಯ ಮೇಸ್ತ್ರಿಗೆ ಮೊದಲ ದಿನ ಇದು ಒಪ್ಪಿಗೆಯಾಗಲಿಲ್ಲ. ‘ಸಾಹೇಬ್ರ, ಇದಕ್ಯಾಕ ಇಷ್ಟು ತುಣುಕು ಮಾಡ್ಬೇಕು? ಮೂವತ್ತು ಫೂಟಿಂದು ಒಂದ ಸಲ ಬಡಿದು ಕೊಡ್ತೀನಿ, ಕ್ರೇನ್ ತಂದು ಇಟ್ರಾತು ತಗೋರಿ’ ಅಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಒಂದೇ ತುಂಡಾದರೆ ಪಿನ್ನು ಬೇಡ, ತೂತು ಬೇಡ, ಹತ್ತು ಹನ್ನೆರಡು ಸಾವಿರ ಉಳಿತಾಯ. ಆದರೆ ರಸ್ತೆಯಿಂದ ಹಳ್ಳಕ್ಕೆ ನಾಲ್ಕು ಜನರ ಗದ್ದೆ ದಾಟಬೇಕು. ಕಾಲುವೆಗೆ ನೀರು ಬಿಟ್ಟ ಮೇಲೆ ಅಲ್ಲಿ ಬದುವಿನ ಮೇಲೆ ಮನುಷ್ಯ ನಡೆಯಬಹುದು ಅಷ್ಟೆ. ಕ್ರೇನಿನ ಮಾತೇ ಇಲ್ಲ.

ಆಗ ನಾನು ಮೇಸ್ತ್ರಿಗೆ ಕ್ರೈಸ್ಟ್‌ಚರ್ಚಿನ ಕಥೆ ಹೇಳಿದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಣ್ಣ ಊರು ಅದು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಅಲ್ಲಿನ ಹಳೆ ಬ್ಯಾರಕ್ಕಿನಲ್ಲಿ ಸೇತುವೆಗಳನ್ನು ಪರೀಕ್ಷೆ ಮಾಡಲೆಂದೇ ಸೈನ್ಯದ ಒಂದು ತುಕಡಿ ಇಟ್ಟರು. ಮಾರ್ಟೆಲ್ ಎಂಬ ಮೇಜರ್ ಅದರ ಮುಖ್ಯಸ್ಥರು. ಟ್ಯಾಂಕುಗಳ ತೂಕ ವರ್ಷವರ್ಷಕ್ಕೂ ಏರುತ್ತಿತ್ತು, ಇದ್ದ ಸೇತುವೆಗಳು ತಡೆಯುತ್ತಿರಲಿಲ್ಲ. 1928ರಲ್ಲಿ ಡೊನಾಲ್ಡ್ ಬೈಲಿ ಅಲ್ಲಿ ಕೆಲಸಕ್ಕೆ ಸೇರಿದರು. ಸಮವಸ್ತ್ರ ಹಾಕಿದವರಲ್ಲ, ಸಿವಿಲ್ ನೌಕರ. 1940ರಲ್ಲಿ ಒಂದು ಲಕೋಟೆಯ ಹಿಂಭಾಗದಲ್ಲಿ ಅವರು ತಮ್ಮ ಸೇತುವೆಯ ಚಿತ್ರ ಗೀಚಿದರು ಅಂತ ನಮಗೆ ಬೆಂಗಳೂರಿನಲ್ಲಿ ಉಸ್ತಾದರು ಮೊದಲ ಪಾಠದಲ್ಲೇ ಹೇಳುತ್ತಿದ್ದರು. ಸೇತುವೆಯ ಲೆಕ್ಕ ಶುರುವಾಗುವುದು ಮನುಷ್ಯನ ಹೆಗಲಿನಿಂದ. ಒಂದು ಪ್ಯಾನೆಲ್, ಅಂದರೆ ಸೇತುವೆಯ ಬದಿಯ ಚೌಕಟ್ಟಿನ ಒಂದು ತುಂಡು, 10 ಅಡಿ ಉದ್ದ, ಸುಮಾರು 5 ಅಡಿ ಎತ್ತರ, 260 ಕೆಜಿ ಆಸುಪಾಸು. ಆರು ಜನ ಸೇರಿ ಎತ್ತಿಕೊಂಡು ನಡೆಯಬೇಕು, ಮೂರು ಟನ್ನಿನ ಲಾರಿಯಲ್ಲಿ ಹಿಡಿಸಬೇಕು. ಅಗಲ ಹೊಳೆಯಾದರೆ ಅದೇ ಪ್ಯಾನೆಲ್ಲನ್ನು ಎರಡು ಸಾಲು, ಮೂರು ಸಾಲು ಮಾಡು, ಮೇಲೆ ಇನ್ನೊಂದು ಅಂತಸ್ತು ಏರಿಸು. ತುಂಡು ಬದಲಾಗುವುದಿಲ್ಲ, ಎಣಿಕೆ ಮಾತ್ರ ಬದಲಾಗುತ್ತದೆ.

ನನ್ನ ಬದುವಿನ ಮೇಲೆ ಆರು ಜನ ಅಕ್ಕಪಕ್ಕ ನಡೆಯಲಾಗದು, ಹಿಂದೆಮುಂದೆ ಇಬ್ಬರೇ ಸಾಧ್ಯ. ಇಬ್ಬರು ದಾರಿಯುದ್ದಕ್ಕೂ ಹೊರಬೇಕಾದರೆ 70 ಕೆಜಿ ದಾಟಬಾರದು. ಇದನ್ನು ಕೇಳಿದ ಮೇಲೆ ಮೇಸ್ತ್ರಿ ಸೀಮೆಸುಣ್ಣ ತಗೊಂಡು ನೆಲದ ಮೇಲೆ ತಾವೇ ಲೆಕ್ಕ ಹಾಕತೊಡಗಿದರು. ಮೇಲೊಂದು ಕೆಳಗೊಂದು ಮೂರಿಂಚಿನ ಚಾನಲ್, ನಡುವೆ ಆ್ಯಂಗಲ್ಲಿನ ಅಡ್ಡಪಟ್ಟಿಗಳು, ಎತ್ತರ ಮೂರಡಿ. ಒಂದು ಪ್ಯಾನೆಲ್ 68 ಕೆಜಿ ಬಂತು. ಬದಿಗೆ ಮೂರರಂತೆ ಆರು ಪ್ಯಾನೆಲ್. ಪ್ಯಾನೆಲ್ಲೇ ಕೈಹಿಡಿಕೆಯೂ ಆಗುತ್ತದೆ, ಬೇರೆ ರೇಲಿಂಗ್ ಬೇಡ. ನಡೆಯುವುದಕ್ಕೆ ಚೆಕರ್ಡ್ ಪ್ಲೇಟು ಆರು ತುಂಡು. ಜೋಡಿಸಲು 32 ಮಿ.ಮೀ. ಪಿನ್ನು. ಟ್ರೇಲರ್ ಹುಕ್ಕಿಗೆ ಹಾಕುವ ಪಿನ್ನು ಅವರ ಅಂಗಡಿಯಲ್ಲಿ ದಿನಾ ಓಡಾಡುವ ವಸ್ತು, ಹಾಗಾಗಿ ಪಿನ್ನುಗಳನ್ನು ಬಹಳ ಚೆನ್ನಾಗಿ ಮಾಡಿಕೊಟ್ಟರು.

ವೆಲ್ಡಿಂಗ್ ಬಗ್ಗೆ ನನಗೆ ಎಳ್ಳಷ್ಟೂ ದೂರಿಲ್ಲ. ಪ್ರತಿ ಕೂಡುಗೆಯನ್ನೂ ಸುತ್ತ ತುಂಬಿದ್ದಾರೆ. ಗೇಟಿಗೆ ಹಾಕಿದ ಹಾಗೆ ಅಲ್ಲೊಂದು ಇಲ್ಲೊಂದು ಚುಕ್ಕೆ ಹೊಡೆದು ಗ್ರೈಂಡರ್ ಆಡಿಸಿ ಮುಚ್ಚಿಲ್ಲ. ಸುತ್ತಿಗೆಯಿಂದ ಕಿಟ್ಟ ಒಡೆದು ಒಂದೊಂದನ್ನೂ ನೋಡಿದ್ದೇನೆ. ಅಲ್ಲಿ ಕೆಲಸ ಮಾಡುವ ಸಣ್ಣ ಹುಡುಗನ ಕೈ ನಿಜಕ್ಕೂ ಸ್ಥಿರವಾದ ಕೈ. ಅವನಿಗೆ ಇನ್ನೂ ಇಪ್ಪತ್ತೆರಡು ತುಂಬಿಲ್ಲ.

ದೂರು ಇರುವುದು ತೂತಿನ ಬಗ್ಗೆ. ಕ್ರೈಸ್ಟ್‌ಚರ್ಚಿನ ಸೇತುವೆ ಯುದ್ಧ ಗೆಲ್ಲಲು ಕೆಲಸಕ್ಕೆ ಬಂದದ್ದು ಚಿತ್ರ ಚೆನ್ನಾಗಿತ್ತು ಅಂತ ಮಾತ್ರವಲ್ಲ. ಸುಮಾರು 7 ಲಕ್ಷ ಪ್ಯಾನೆಲ್ ತಯಾರಾದವು, ಮಾಡಿದ್ದು ನೂರಾರು ಕಾರ್ಖಾನೆಗಳು, ಅದರಲ್ಲಿ ಎಷ್ಟೋ ಮಂದಿ ಹಿಂದೆ ಸೇತುವೆಯ ಕೆಲಸವನ್ನೇ ಕಂಡವರಲ್ಲ. ಆದರೂ ಒಂದು ಕಾರ್ಖಾನೆಯ ಪ್ಯಾನೆಲ್ ಇನ್ನೊಂದರ ಪ್ಯಾನೆಲ್ಲಿಗೆ ಇಟಲಿಯ ಹೊಳೆದಂಡೆಯಲ್ಲಿ ಕತ್ತಲಲ್ಲಿ ಕೂತುಕೊಳ್ಳುತ್ತಿತ್ತು. ಕಾರಣ ಜಿಗ್. ತೂತು ಎಲ್ಲಿ, ಎಷ್ಟು ದೊಡ್ಡದು ಅನ್ನುವುದನ್ನು ಕೆಲಸಗಾರನ ಕಣ್ಣಿಗೆ ಬಿಡದೆ ಅಚ್ಚಿಗೆ ಒಪ್ಪಿಸಿದ್ದರು. ನಾನೂ ಮೇಸ್ತ್ರಿಗೆ ಮೊದಲೇ ದುಡ್ಡು ಕೊಟ್ಟು ದಪ್ಪ ಪ್ಲೇಟಿನ ಜಿಗ್ ಒಂದನ್ನು ಮಾಡಿಸಿದ್ದೆ. ಐದು ಪ್ಯಾನೆಲ್ ಅದರಲ್ಲೇ ಆದವು, ಡ್ರಿಲ್ ಹಾಕಿ 33 ಮಿ.ಮೀ. ತೂತು, ಪಿನ್ನು ಅಂಗೈ ಒತ್ತಿದರೆ ಇಳಿಯುತ್ತಿತ್ತು. ಆರನೆಯದರ ಹೊತ್ತಿಗೆ ಡ್ರಿಲ್ ಬಿಟ್ ಮುರಿದಿದೆ. ಹೊಸದನ್ನು ತರಿಸುವ ಬದಲು ಗ್ಯಾಸ್ ಕಟರಿನಲ್ಲಿ ತೂತು ಸುಟ್ಟು, ಅರದಿಂದ ಉಜ್ಜಿ, ಬಣ್ಣ ಬಳಿದು ಉಳಿದವುಗಳ ಜೊತೆ ಇಟ್ಟಿದ್ದಾರೆ. ನನಗೆ ಹೇಳಲಿಲ್ಲ. ಹಳ್ಳದ ದಂಡೆಯಲ್ಲಿ ಪಿನ್ನು ಹಾಕುವಾಗ ಅದು ಗಡಗಡ ಅಲ್ಲಾಡಿತು, ಆಗ ಗೊತ್ತಾಯಿತು. ಮೊದಲೇ ಹೇಳಿದ್ದರೆ ಹೊಸ ಡ್ರಿಲ್ ಬಿಟ್ ನಾನೇ ಹೊಸಪೇಟೆಯಿಂದ ತಂದುಕೊಡುತ್ತಿದ್ದೆ. ಮುಚ್ಚಿಟ್ಟದ್ದು ನನಗೆ ನೋವಾಯಿತು.

ಹೇಳಿದ ದಿನಕ್ಕೆ ಕೊಡಲಿಲ್ಲ ಅನ್ನುವುದು ಇನ್ನೊಂದು. ಹತ್ತೊಂಬತ್ತು ದಿನ ತಡ. ನಾಟಿ ಸಮಯ ಅಂದರೆ ಅವರಿಗೆ ಕೇಜ್ ವೀಲ್ ರಿಪೇರಿ ಸಾಲುಗಟ್ಟಿರುತ್ತದೆ, ಅದು ನನಗೂ ಅರ್ಥವಾಗುತ್ತದೆ. ಯಾರಾದರೂ ಮಾಡಿಸುವುದಿದ್ದರೆ ಏಪ್ರಿಲ್‌ನಲ್ಲೇ ಹೋಗಿ ಹೇಳಿ.

ಅಷ್ಟರಲ್ಲಿ ಕಾಲುವೆಗೆ ನೀರು ಬಂದು ಸುತ್ತ ನಾಟಿಯಾಗಿತ್ತು. ಆಗಸ್ಟ್ ಎರಡನೇ ಭಾನುವಾರ ನಾವು ಒಂಬತ್ತು ಜನ ಬೆಳಿಗ್ಗೆ ಆರೂವರೆಗೆ ರಸ್ತೆಯಿಂದ ಹೊರಲು ಶುರು ಮಾಡಿದೆವು. ಯಾರ ಗದ್ದೆಗೂ ಕಾಲಿಡಲಿಲ್ಲ, ಒಂದು ಸಸಿ ಮುರಿಯಲಿಲ್ಲ. ದಂಡೆಯಲ್ಲಿ ಎರಡು ಕಡಪಾ ಕಲ್ಲಿನ ಮೇಲೆ ಮೂರಿಂಚಿನ ಪೈಪಿನ ತುಂಡು ಇಟ್ಟು ರೋಲರ್ ಮಾಡಿಕೊಂಡೆವು. ಸೇತುವೆಯನ್ನು ಈ ದಂಡೆಯಲ್ಲೇ ಪೂರ್ತಿ ಜೋಡಿಸಿ, ಮುಂದಕ್ಕೆ ಎಂಟಡಿಯ ಹಗುರ ಆ್ಯಂಗಲ್ಲಿನ ಮೂಗು ಕಟ್ಟಿದೆವು. ತುದಿ ಮುಂದಕ್ಕೆ ವಾಲದಂತೆ ಹಿಂದಿನ ತುದಿಗೆ ಆರು ಚೀಲ ಗರಸು ಹೇರಿದೆವು. ಆಮೇಲೆ ಎಲ್ಲ ಸೇರಿ ತಳ್ಳಿದೆವು. ಮೂಗು ಆಚೆ ದಂಡೆ ಮುಟ್ಟಿದಾಗ ಅಲ್ಲಿ ನಿಂತಿದ್ದ ನನ್ನ ಅಳಿಯ ಅದನ್ನು ಹಿಡಿದು ರೋಲರಿಗೆ ಹಚ್ಚಿಕೊಂಡ. ಬೈಲಿ ಸೇತುವೆಯನ್ನು ಶತ್ರುವಿನ ಕಡೆಯ ದಂಡೆಗೆ ದಾಟಿಸುವುದೂ ಹೀಗೆಯೇ, ಆಚೆ ಕಡೆ ಯಾರೂ ಇಲ್ಲದೆ, ಕ್ರೇನಿಲ್ಲದೆ. 1942ರ ನವೆಂಬರ್ 26ರ ರಾತ್ರಿ ಟ್ಯುನೀಷಿಯದ ಮೆಡ್ಜೆರ್ದಾ ಹೊಳೆಯ ಮೇಲೆ ಯುದ್ಧದಲ್ಲಿ ಮೊದಲ ಬೈಲಿ ಹೀಗೆ ದಾಟಿತು. ಬರ್ಮಾದ ಚಿಂದ್ವಿನ್ ಹೊಳೆಯ ಮೇಲೆ 1944ರ ಡಿಸೆಂಬರ್‌ನಲ್ಲಿ ತೇಲುವ ಬೈಲಿ 1,154 ಅಡಿ ಹೋಯಿತು. ಪ್ಲೇಟು ಹಾಸಿ ಮುಗಿಸಿದಾಗ ಒಂಬತ್ತೂ ಇಪ್ಪತ್ತು. ನಾಟಿ ಹೆಣ್ಣುಮಕ್ಕಳು ಬುತ್ತಿ ಹಿಡಿದು ದಂಡೆಯಲ್ಲಿ ಕಾಯುತ್ತಿದ್ದರು, ಆದರೆ ನಾನು ಅವರನ್ನು ಇನ್ನೂ ಬಿಡಲಿಲ್ಲ.

ಭಾರ ಹೇರಿ ನೋಡದೆ ಮನುಷ್ಯರನ್ನು ಸೇತುವೆ ಮೇಲೆ ಬಿಡಬಾರದು. ಕ್ರೈಸ್ಟ್‌ಚರ್ಚಿನವರು ಲಕೋಟೆಯ ಗೀಚಿನಿಂದ ಐದಾರು ತಿಂಗಳಲ್ಲೇ, 1941ರ ಮೇ 1ರಂದು, ಪೂರ್ತಿ ಅಳತೆಯ ಸೇತುವೆ ಕಟ್ಟಿ ಪರೀಕ್ಷೆಗೆ ನಿಂತರು. ಹಳೆ ಯುದ್ಧದ ಟ್ಯಾಂಕಿನೊಳಗೆ ಬೀಡುಕಬ್ಬಿಣದ ಗಟ್ಟಿ ತುಂಬಿ ಅದರ ಮೇಲೆ ಹತ್ತಿಸಿದರು. ಅಷ್ಟು ಅವಸರದ ಯುದ್ಧಕಾಲದಲ್ಲೂ ಈ ಒಂದು ಕೆಲಸವನ್ನು ಬಿಡಲಿಲ್ಲ. ಆ ಪ್ರಯೋಗಶಾಲೆಯ ಬಗ್ಗೆ ನನಗಿರುವ ಗೌರವಕ್ಕೆ ದೊಡ್ಡ ಕಾರಣ ಇದೇ. ನಾನು 50 ಕೆಜಿಯ 45 ಗರಸಿನ ಚೀಲ ಹೊರಿಸಿದೆ. 2,250 ಕೆಜಿ. ನಡುವೆ ದಾರ ಎಳೆದು ಅಳೆದೆ. ಭಾರ ಹಾಕುವ ಮೊದಲೇ, ಪಿನ್ನಿನ ಸಡಿಲಿಕೆಗೆ, ಎಡಬದಿ 15 ಮಿ.ಮೀ. ತಗ್ಗಿತ್ತು. ಪಿನ್ನಿನ ಸೇತುವೆಗೆ ಅದು ಸಹಜ, ಬೈಲಿಯೂ ಹಾಗೆ ತಗ್ಗುತ್ತದೆ. ಆ ಗ್ಯಾಸ್ ಕಟರಿನ ಪ್ಯಾನೆಲ್ ಇದ್ದ ಬಲಬದಿ 22 ತಗ್ಗಿತ್ತು. ಚೀಲಗಳನ್ನು ಹೇರಿದ ಮೇಲೆ ಎರಡೂ ಕಡೆ ಇನ್ನೂ 3 ಮಿ.ಮೀ. ಇಳಿಯಿತು, ಇಳಿಸಿದ ಮೇಲೆ ಮೊದಲಿದ್ದ ಗುರುತಿಗೇ ವಾಪಸ್ಸು ಬಂತು. ವಾಪಸ್ಸು ಬಂದಿದ್ದನ್ನು ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ದಾಟಲು ಹೇಳಿದೆ. ಕೈ ಮುರಿದುಕೊಂಡಿದ್ದವಳೇ ಮೊದಲು ದಾಟಿದಳು, ಎರಡೂ ಕೈಯಲ್ಲಿ ಪ್ಯಾನೆಲ್ ಹಿಡಿದುಕೊಂಡು.

ನಮ್ಮದು ಎರೆ ಭೂಮಿ. ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಸೇತುವೆ ಎಷ್ಟೇ ಗಟ್ಟಿಯಿದ್ದರೂ ಕೂತ ನೆಲ ಬಿಟ್ಟುಕೊಟ್ಟರೆ ಮುಗಿಯಿತು. ಕ್ರೈಸ್ಟ್‌ಚರ್ಚಿನ ಆ ಸಂಸ್ಥೆ 1946ರಲ್ಲಿ ಮೆಕ್ಸೆ (ಮಿಲಿಟರಿ ಎಂಜಿನಿಯರಿಂಗ್ ಎಕ್ಸ್‌ಪೆರಿಮೆಂಟಲ್ ಎಸ್ಟಾಬ್ಲಿಷ್‌ಮೆಂಟ್) ಅನ್ನುವ ಹೊಸ ಹೆಸರು ಪಡೆದು ಮಿಲಿಟರಿ ಎಂಜಿನಿಯರಿಂಗಿನ ಎಲ್ಲ ಕೆಲಸಕ್ಕೂ ಕೈ ಹಾಕಿತು. ಹಳೆ ಇಟ್ಟಿಗೆ, ಕಲ್ಲಿನ ಕಮಾನು ಸೇತುವೆ ಎಷ್ಟು ಭಾರ ತಡೆಯುತ್ತದೆ ಅನ್ನುವ ಲೆಕ್ಕದ ವಿಧಾನ ಇವತ್ತಿಗೂ ಆ ಹೆಸರಿನಿಂದಲೇ ಚಾಲ್ತಿಯಲ್ಲಿದೆ. ನೆಲಕ್ಕೆ ಒತ್ತಿ ಮಣ್ಣಿನ ಗಟ್ಟಿತನ ಓದುವ ಶಂಕುವಿನ ತುದಿಯ ಸಲಾಕೆಯೂ ಅದೇ ಹೆಸರಿನದು. ನನ್ನ ಹತ್ತಿರ ಆ ಸಲಾಕೆ ಇಲ್ಲ. ಅರ್ಧ ಇಂಚಿನ ಕಬ್ಬಿಣದ ಸರಳನ್ನು ನಾನೇ ಮೈಭಾರ ಹಾಕಿ ಒತ್ತಿ ನೋಡಿದೆ. ಈ ದಂಡೆಯಲ್ಲಿ ಒಂದು ಗೇಣು ಹೋಗಿ ನಿಂತಿತು, ಆಚೆ ದಂಡೆಯಲ್ಲಿ ಮೊಳಕ್ಕಿಂತ ಹೆಚ್ಚು ಇಳಿಯಿತು. ಆದ್ದರಿಂದ ಆಚೆ ಕಡೆ ಎರಡೂವರೆ ಅಡಿ ಅಗೆದು ಗರಸು ತುಂಬಿ ದಿಮ್ಮಸು ಹೊಡೆದು, ಅದರ ಮೇಲೆ ಅಗಲವಾದ ಪ್ಲೇಟು ಕೂರಿಸಿದೆವು. ಅಷ್ಟಾದರೂ ಅಕ್ಟೋಬರ್ ಮಳೆಗೆ ಆ ಮೂಲೆ ಮುಕ್ಕಾಲು ಇಂಚು ಕೂತಿದೆ. ಹಾರೆ ಹಾಕಿ ಎತ್ತಿ ಪ್ಲೇಟಿನ ತುಂಡು ಕೊಟ್ಟೆ, ಅರ್ಧ ಗಂಟೆಯ ಕೆಲಸ. ಅಂಗಡಿಯವರಿಗೂ ಇದಕ್ಕೂ ಸಂಬಂಧವಿಲ್ಲ, ಮಣ್ಣಿನ ಗುಣ.

ಬಣ್ಣದಲ್ಲಿ ಮಾತ್ರ ಅವರದೇ ಕೊರತೆ. ಎರಡು ಕೈ ರೆಡ್ ಆಕ್ಸೈಡ್ ಅಂತ ಮಾತಾಗಿತ್ತು. ಕಣ್ಣಿಗೆ ಕಾಣುವ ಕಡೆ ಎರಡು ಕೈ ಇದೆ, ಚಾನಲ್ಲಿನ ಒಳಮೈಯಲ್ಲಿ ಒಂದೂ ಸರಿಯಾಗಿ ಮುಟ್ಟಿಲ್ಲ. ನಮ್ಮ ಕಡೆ ಸವಳು ಮಣ್ಣು, ಕೆಸರು ಒಣಗಿದರೆ ಬಿಳಿ ಉಪ್ಪು ಮೂಡುತ್ತದೆ. ಕೆಳಗಿನ ಚಾನಲ್ಲಿನೊಳಗೆ ಕೆಸರು ಕೂತ ಕಡೆ ಈಗಾಗಲೇ ತುಕ್ಕು ಸಿಪ್ಪೆ ಏಳುತ್ತಿದೆ. ಚಾನಲ್ಲಿಗೆ ಅಡಿಗೊಂದು ನೀರು ಬಸಿಯುವ ಸಣ್ಣ ತೂತು ಇಡಿಸಬೇಕಿತ್ತು, ಅದು ನನಗೆ ಆಗ ಹೊಳೆಯಲಿಲ್ಲ. ನೀವು ಮಾಡಿಸಿದರೆ ಮರೆಯಬೇಡಿ.

ಬಳಕೆಯಲ್ಲಿ ಕಂಡದ್ದು: ಇಬ್ಬರು ಎದುರುಬದುರು ಬಂದರೆ ಚೀಲ ಹೊತ್ತವರು ಒಬ್ಬರು ನಿಲ್ಲಬೇಕು. ಬೈಕು ಸಲೀಸಾಗಿ ಹೋಗುತ್ತದೆ, ಔಷಧ ಹೊಡೆಯುವ ಪಂಪಿನ ಗಾಡಿ ಹೋಗುತ್ತದೆ. ಎಮ್ಮೆಗಳು ಮೊದಲ ಎರಡು ವಾರ ಪ್ಲೇಟಿನ ಸದ್ದಿಗೆ ಬೆದರಿ ಕಾಲಿಡಲಿಲ್ಲ. ಅಕ್ಕಿ ಗಿರಣಿಯಲ್ಲಿ ಬಿಸಾಡಿದ ಎಲಿವೇಟರ್ ಬೆಲ್ಟಿನ ಪಟ್ಟಿ ತಂದು ಪ್ಲೇಟಿನ ಕೆಳಗೆ ಕೊಟ್ಟ ಮೇಲೆ ಸದ್ದು ನಿಂತಿತು, ಎಮ್ಮೆಗಳೂ ದಾಟುತ್ತಿವೆ. ಸುಗ್ಗಿಯಲ್ಲಿ 75 ಕೆಜಿ ಚೀಲ ನೂರಕ್ಕೂ ಹೆಚ್ಚು ಇದರ ಮೇಲೆ ಈಚೆ ಬಂದವು. ಟ್ರ್ಯಾಕ್ಟರ್ ದಾಟಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ದಾಟಿಸಬಾರದು. ಅದಕ್ಕೆ ಬೇರೆ ಅಗಲ, ಬೇರೆ ಲೆಕ್ಕ, ಎಂಜಿನಿಯರ್ ನೋಡಿ ಕೊಟ್ಟ ಲೆಕ್ಕ.

ಇದನ್ನು ಅಲ್ಯೂಮಿನಿಯಂನಲ್ಲಿ ಮಾಡಿಸಬಹುದಿತ್ತಲ್ಲ ಅಂತ ಡಿಪ್ಲೊಮಾ ಓದುವ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಮೆಕ್ಸೆಯವರೇ 1960ರ ದಶಕದಲ್ಲಿ ಆ ದಾರಿ ಹಿಡಿದು ಮೀಡಿಯಂ ಗರ್ಡರ್ ಬ್ರಿಜ್ ಮಾಡಿದರು. ಹೆಚ್ಚಿನ ಬಿಡಿಭಾಗಗಳನ್ನು ನಾಲ್ಕೇ ಜನ ಎತ್ತಬಹುದು. ನಮ್ಮ ಸೈನ್ಯವೂ ಅದನ್ನು ಬಳಸಿತು, ನಾನೂ ಕಟ್ಟಿದ್ದೇನೆ. ಈಗ ಅದರ ಜಾಗಕ್ಕೆ 46 ಮೀಟರಿನ ಮಾಡ್ಯುಲರ್ ಸೇತುವೆ ಬರುತ್ತಿದೆ. ಅದರ ವಿನ್ಯಾಸ ಪುಣೆಯ ದಿಘಿಯಲ್ಲಿರುವ ನಮ್ಮ ಡಿಆರ್‌ಡಿಒ ಪ್ರಯೋಗಶಾಲೆಯದು. 1962ರಲ್ಲಿ ಶುರುವಾದ ಸಂಸ್ಥೆ ಅದು. ಲಾರಿಯ ಬೆನ್ನ ಮೇಲಿಂದಲೇ ಬಿಚ್ಚಿಕೊಳ್ಳುವ ಸರ್ವತ್ರ ಸೇತುವೆಯೂ ಅವರದೇ, 15 ಮೀಟರಿನ ಐದು ತುಂಡು ಸೇರಿ 75 ಮೀಟರ್. ಆದರೆ ಅಲ್ಯೂಮಿನಿಯಂ ವೆಲ್ಡಿಂಗಿಗೆ ಬೇರೆ ಯಂತ್ರ, ಬೇರೆ ಕೈ ಬೇಕು. ಹೊಲದಲ್ಲಿ ಬಿಟ್ಟರೆ ರಾತ್ರಿ ಉಳಿಯುವ ಭರವಸೆಯೂ ಇಲ್ಲ. ನಮ್ಮ ಹಳ್ಳಕ್ಕೆ ಕಬ್ಬಿಣವೇ ಸರಿ.

ಐದಕ್ಕೆ ನಾನು ಮೂರೂವರೆ ಕೊಡುತ್ತೇನೆ. ಗ್ಯಾಸ್ ಕಟರಿನ ತೂತು ಮುಚ್ಚಿಡದೇ ಇದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಸಾಮಾನು ತರಲು ಹೋಗುವಾಗ 32 ಮಿ.ಮೀ. ಪಿನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಲಾರಿಗೆ ಹೇರುವ ಮೊದಲು ಪ್ರತಿ ತೂತಿಗೂ ಹಾಕಿ ತೆಗೆಯಿರಿ. ಅಂಗಡಿಯ ಅಂಗಳದಲ್ಲೇ ಒಮ್ಮೆ ಪೂರ್ತಿ ಜೋಡಿಸಿ ನೋಡಿ.

ಹೋದ ತಿಂಗಳು ಮೇಸ್ತ್ರಿಯನ್ನು ಕರೆದುಕೊಂಡು ಬಂದು ಬಲಬದಿಯ ಆ ಜೋಡಣೆ ತೋರಿಸಿದೆ. ಬಗ್ಗಿ ಕೂತು ಪಿನ್ನನ್ನು ಅಲ್ಲಾಡಿಸಿ ನೋಡಿದರು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ಕಾಲುವಿ ನೀರು ನಿಂತ ಮ್ಯಾಲ ಇದೊಂದು ಬಿಚ್ಚಿ ಕಳಿಸ್ರಿ ಸಾಹೇಬ್ರ, ತೂತು ತುಂಬಿ ಜಿಗ್ಗಿನಾಗ ಹೊಸದಾಗಿ ಹೊಡೆದು ಕೊಡ್ತೀನಿ, ರೊಕ್ಕ ಬ್ಯಾಡ’ ಅಂದರು. ಏಪ್ರಿಲ್‌ನಲ್ಲಿ ಹಳ್ಳ ಒಣಗಿರುತ್ತದೆ, ಎರಡು ದಿನ ಮಂದಿ ಕೆಳಗೆ ಇಳಿದೇ ದಾಟಬಹುದು. ಆ ಪ್ಯಾನೆಲ್ಲಿಗೆ ಬಿಳಿ ಬಣ್ಣದಲ್ಲಿ 6 ಅಂತ ಬರೆದಿಟ್ಟಿದ್ದೇನೆ.